ಒಲೆ ಹಚ್ಚದ ದಿನ

ಕೆಲಸ ನಿಲ್ಲಿಸುವುದಕ್ಕೆ ಕನ್ನಡದಲ್ಲಿ ಮಾತುಗಳಿಗೇನೂ ಬರವಿಲ್ಲ. ರಜೆ ಅನ್ನುತ್ತೇವೆ, ಬಿಡುವು ಅನ್ನುತ್ತೇವೆ, ವಿಶ್ರಾಂತಿ, ವಿರಾಮ ಅನ್ನುತ್ತೇವೆ; ನಮ್ಮ ತರಗತಿಯ ಧಾರವಾಡ, ಬಿಜಾಪುರದ ಕಡೆಯವರು ಸೂಟಿ ಅನ್ನುತ್ತಾರೆ. ಒಂದೊಂದು ಮಾತನ್ನೂ ಕೂರಿಸಿ ಕೇಳಿದರೆ ಒಂದೊಂದು ಕಥೆ ಹೇಳುತ್ತದೆ. ರಜೆ ಎಂಬುದು ಅರಬ್ಬಿ ಮೂಲದ ‘ರಜಾ’. ಅದಕ್ಕೆ ಒಪ್ಪಿಗೆ, ಅಪ್ಪಣೆ ಎಂಬ ಅರ್ಥ. ಅಂದರೆ ಮೇಲಿನವನು ಕೊಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ. ಬಿಡುವು ‘ಬಿಡು’ವಿನಿಂದ ಬಂದದ್ದು, ಕೆಲಸ ನಮ್ಮನ್ನು ಬಿಟ್ಟರೆ ತಾನೆ ಬಿಡುವು? ವಿಶ್ರಾಂತಿಯೊಳಗೆ ಶ್ರಮ ಕೂತಿದೆ. ಅದು ದಣಿದವನ ಪಾಲಿನದು. ಇವುಗಳ ಜೊತೆಗೆ ನಮ್ಮ ಕ್ರೈಸ್ತರ ಮನೆಗಳಲ್ಲಿ ಇನ್ನೊಂದು ಮಾತು ಓಡಾಡುತ್ತದೆ: ಸಬ್ಬತ್. ಬೈಬಲಿನ ಜೊತೆಯಲ್ಲಿ ಹೀಬ್ರೂವಿನಿಂದ ಬಂದ ಮಾತು. ಅದರ ಧಾತುವಿಗೆ ನಿದ್ದೆ ಎಂಬ ಅರ್ಥವಿಲ್ಲ, ಆರಾಮ ಎಂಬ ಅರ್ಥವೂ ಇಲ್ಲ. ‘ನಿಲ್ಲಿಸು’ ಎಂದಷ್ಟೆ ಅರ್ಥ. ದಣಿದಿದ್ದೀಯೋ ಇಲ್ಲವೋ, ಕೆಲಸ ಮುಗಿಯಿತೋ ಇಲ್ಲವೋ, ಯಜಮಾನ ಒಪ್ಪಿದನೋ ಇಲ್ಲವೋ, ಏಳನೆಯ ದಿನ ಬಂತು, ನಿಲ್ಲಿಸು!

ಮಾತೇನೋ ಚೆನ್ನಾಗಿದೆ. ಆದರೆ ಮುಂಬಯಿಯಲ್ಲಿ ಹಾಗೆ ನಿಲ್ಲಿಸಿ ಬದುಕುವುದಾದೀತೆ? ಈ ಊರು ತನ್ನ ಬಗ್ಗೆ ಹೆಮ್ಮೆಯಿಂದ ಹೇಳಿಕೊಳ್ಳುವ ಮೊದಲ ಮಾತೇ ‘ನಾವು ನಿಲ್ಲುವುದಿಲ್ಲ’ ಎಂಬುದು. ಮಳೆ ಬಂದರೂ ನಿಲ್ಲುವುದಿಲ್ಲ, ಬಾಂಬು ಸಿಡಿದರೂ ಮರುದಿನ ಲೋಕಲ್ ತುಂಬಿರುತ್ತದೆ. ಇಂಥ ಊರಿನ ಚೆಂಬೂರಿನಲ್ಲಿ, ಎರಡು ಕೋಣೆಯ ನಮ್ಮ ಮನೆಯಲ್ಲಿ, ಎರಡು ವರ್ಷದಿಂದ ವಾರಕ್ಕೊಂದು ದಿನ ನಿಲ್ಲಿಸುವ ಪ್ರಯೋಗ ನಡೆದಿದೆ. ಅದರ ಕಥೆ ಹೇಳುವುದಕ್ಕೇ ಈ ಬರಹ. ಇದು ಧರ್ಮಬೋಧೆಯಲ್ಲ. ಓದುವವರಲ್ಲಿ ಹೆಚ್ಚಿನವರು ಕ್ರೈಸ್ತರಲ್ಲ ಎಂಬುದು ನನಗೆ ಗೊತ್ತು. ಆದರೆ ಆದಿತ್ಯವಾರ ಎಂಬುದು ನಿಮ್ಮ ಮನೆಗೂ ಬರುತ್ತದಷ್ಟೆ?

ನಮ್ಮದು ಮೂಲದಲ್ಲಿ ಉಡುಪಿಯ ಕಡೆಯ ಬಾಸೆಲ್ ಮಿಷನ್ನಿನ ಕುಟುಂಬ. ಮಿಷನ್ನಿನವರು ಮಂಗಳೂರಿಗೆ ಬಂದದ್ದು 1834ರಲ್ಲಿ. ಕನ್ನಡ ವಿದ್ಯಾರ್ಥಿಗಳಿಗೆ ಅವರ ಪರಿಚಯ ಹೇಳಬೇಕಾಗಿಲ್ಲ. 1843ರ ‘ಮಂಗಳೂರ ಸಮಾಚಾರ’ವೂ 1894ರ ಕಿಟೆಲ್ ನಿಘಂಟೂ ನಮ್ಮ ಪ್ರಶ್ನೆಪತ್ರಿಕೆಗೆ ಬಂದೇ ಬರುತ್ತವೆ. ಅಚ್ಚುಕೂಟದ ಜೊತೆಗೆ ಅವರು ನೇಯ್ಗೆಯನ್ನೂ, 1865ರಿಂದ ಹಂಚಿನ ಕಾರ್ಖಾನೆಯನ್ನೂ ನಡೆಸಿದರು. ನನ್ನ ಮುತ್ತಜ್ಜ ದುಡಿದದ್ದು ಹಂಚಿನ ಕಾರ್ಖಾನೆಯಲ್ಲಿ. ಅಜ್ಜಿ ಹೇಳುತ್ತಿದ್ದರು: ಆದಿತ್ಯವಾರ ಮನೆಗೆ ಬರುವುದು ಶನಿವಾರ ಮಧ್ಯಾಹ್ನವೇ. ಸೌದೆ ಒಟ್ಟಿ ಆಗಬೇಕು, ಹಂಡೆ ತುಂಬಿ ಆಗಬೇಕು, ಬಟ್ಟೆಗೆ ಇಸ್ತ್ರಿ ಆಗಬೇಕು, ಮಸಾಲೆ ಅರೆದು ಆಗಬೇಕು. ಆದಿತ್ಯವಾರ ಸೂಜಿಗೆ ನೂಲು ಪೋಣಿಸುವಂತಿಲ್ಲ, ಸಂತೆಗೆ ಹೋಗುವಂತಿಲ್ಲ, ಸಾಲ ಕೇಳುವಂತಿಲ್ಲ, ಸಾಲ ತೀರಿಸು ಅನ್ನುವಂತೆಯೂ ಇಲ್ಲ. ಈ ಕೊನೆಯ ನಿಯಮ ಬೈಬಲಿನದೋ, ಮುತ್ತಜ್ಜನ ಅನುಕೂಲದ್ದೋ ಎಂದು ಮನೆಯಲ್ಲಿ ಇವತ್ತಿಗೂ ಚರ್ಚೆ ಉಂಟು. ಬೆಳಿಗ್ಗೆ ಆರಾಧನೆ, ಮಧ್ಯಾಹ್ನ ಸಂಡೇ ಸ್ಕೂಲು, ಸಂಜೆ ಯಾರದಾದರೂ ಕಾಯಿಲೆಯವರ ಮನೆಗೆ ಹೋಗಿ ಕೂತು ಬರುವುದು. ಬಡತನದ ಮನೆ, ಆದರೂ ವಾರಕ್ಕೊಂದು ದಿನ ಬಡತನಕ್ಕೂ ಕೆಲಸ ಕೊಡುತ್ತಿರಲಿಲ್ಲ.

ಅಪ್ಪ ಮುಂಬಯಿಗೆ ಬಂದ ಮೇಲೆ ಆ ವ್ಯವಸ್ಥೆ ತಪ್ಪಿತು. ಅವರಿಗೆ ಮಾಹುಲ್ ಕಡೆಯ ಒಂದು ಕಾರ್ಖಾನೆಯಲ್ಲಿ ಪಾಳಿ ಕೆಲಸ. ಚೆಂಬೂರಿನ ಆಚೆ, ತ್ರಾಂಬೆಯ ದಿಕ್ಕಿನಲ್ಲಿ, 1950ರ ದಶಕದಿಂದ ತೈಲ ಶುದ್ಧೀಕರಣ, ಆಮೇಲೆ ರಸಗೊಬ್ಬರ ಎಂದು ದೊಡ್ಡ ದೊಡ್ಡ ಸ್ಥಾವರಗಳು ಎದ್ದವಲ್ಲ, ಅವುಗಳ ಸ್ವಭಾವವೇ ನಿಲ್ಲದಿರುವುದು. ಒಮ್ಮೆ ಆರಿಸಿದರೆ ಮತ್ತೆ ಹದಕ್ಕೆ ತರಲು ದಿನಗಟ್ಟಲೆ ಬೇಕು. ಆದ್ದರಿಂದ ಯಂತ್ರ ನಿಲ್ಲದು, ಮನುಷ್ಯರು ಸರದಿಯ ಮೇಲೆ ನಿಲ್ಲುತ್ತಾರೆ. ಅಪ್ಪನ ‘ಆಫ್’ ಒಮ್ಮೆ ಮಂಗಳವಾರ, ಒಮ್ಮೆ ಶುಕ್ರವಾರ. ಅವರಿಗೆ ಬಿಡುವಿದ್ದ ದಿನ ನನಗೆ ಶಾಲೆ, ನನಗೆ ಬಿಡುವಿದ್ದ ದಿನ ಅವರಿಗೆ ಪಾಳಿ. ರಾತ್ರಿಪಾಳಿ ಮುಗಿಸಿ ಬಂದ ಮನುಷ್ಯ ಆದಿತ್ಯವಾರ ಬೆಳಿಗ್ಗೆ ಮಲಗಿದರೆ ನಾವು ಕಾಲ್ಬೆರಳ ಮೇಲೆ ನಡೆಯುತ್ತ ಆರಾಧನೆಗೆ ಹೊರಡುತ್ತಿದ್ದೆವು. ಕಾನೂನಿನ ಲೆಕ್ಕದಲ್ಲಿ ವಾರಕ್ಕೊಂದು ರಜೆ ಸರಿಯಾಗಿಯೇ ಇತ್ತು. ಮನೆಗೆ ಮಾತ್ರ ರಜೆ ಇರಲಿಲ್ಲ.

ಇದು ನಮ್ಮ ಮನೆಯೊಂದರ ಸಂಗತಿಯಲ್ಲ. ಸೋವಿಯತ್ ರಷ್ಯದಲ್ಲಿ 1929ರಲ್ಲಿ ಏಳು ದಿನದ ವಾರವನ್ನೇ ತೆಗೆದುಹಾಕಿದರು. ಕಾರ್ಖಾನೆ ಎಂದೂ ನಿಲ್ಲಬಾರದು ಎಂದು ಕೆಲಸಗಾರರನ್ನು ಐದು ಗುಂಪು ಮಾಡಿ, ಗುಂಪಿಗೊಂದು ಬಣ್ಣ ಕೊಟ್ಟು, ನಾಲ್ಕು ದಿನ ಕೆಲಸ, ಐದನೆಯ ದಿನ ಬಿಡುವು ಎಂದರು. ಲೆಕ್ಕಕ್ಕೆ ನೋಡಿದರೆ ಮೊದಲಿಗಿಂತ ಹೆಚ್ಚು ಬಿಡುವು! ಆದರೆ ಗಂಡನದು ಒಂದು ಬಣ್ಣ, ಹೆಂಡತಿಯದು ಇನ್ನೊಂದು, ಮಕ್ಕಳ ಶಾಲೆಯದು ಮತ್ತೊಂದು. ಖಾಲಿ ಮನೆಯಲ್ಲಿ ಒಬ್ಬನೇ ಕೂತು ಏನು ಮಾಡುವುದು ಎಂದು ಜನ ಗೊಣಗಿದರು. 1931ರಲ್ಲಿ ಅದನ್ನು ಬದಲಿಸಿ ಆರು ದಿನದ ವಾರ ಮಾಡಿದರು. ಕೊನೆಗೆ 1940ರಲ್ಲಿ ಹಳೆಯ ಏಳು ದಿನದ ವಾರವೂ ಆದಿತ್ಯವಾರವೂ ಮರಳಿ ಬಂದವು. ದೇವರನ್ನು ನಂಬದ ಸರ್ಕಾರವೇ ಕಂಡುಕೊಂಡ ಸತ್ಯ ಇದು: ಬಿಡುವನ್ನು ಗಂಟೆಗಳಲ್ಲಿ ಅಳೆದರೆ ಸಾಲದು, ಅದು ಹತ್ತು ಜನಕ್ಕೆ ಒಟ್ಟಿಗೆ ಬರಬೇಕು. ಹಬ್ಬವನ್ನು ಒಬ್ಬನೇ ಆಚರಿಸಲಾಗದಲ್ಲ, ಹಾಗೆ.

ಎರಡು ವರ್ಷದ ಹಿಂದೆ ಅಪ್ಪ ನಿವೃತ್ತರಾದರು. ಹಾರ, ಶಾಲು, ಗೋಡೆ ಗಡಿಯಾರ ಎಲ್ಲ ಬಂತು. ಇನ್ನು ದಿನವೂ ಆದಿತ್ಯವಾರವೇ ಎಂದು ಬಂದವರೆಲ್ಲ ಹೇಳಿಹೋದರು. ಅಂದು ರಾತ್ರಿ ಪಾತ್ರೆ ತೊಳೆದು, ಸೆರಗಿಗೆ ಕೈ ಒರೆಸಿಕೊಳ್ಳುತ್ತ ಅಮ್ಮ ಮೆಲ್ಲಗೆ ಅಂದರು: “ನಿಮಗೆ ರಿಟಾಯರ್ ಆಯ್ತು. ನನಗೆ ಯಾವಾಗ?”

ಜಗಳದ ಧ್ವನಿಯಲ್ಲ ಅದು. ಬಸ್ಸು ಎಷ್ಟು ಗಂಟೆಗೆ ಎಂದು ಕೇಳುವ ಹಾಗೆ ಕೇಳಿದರು. ಅಪ್ಪನ ಬಳಿ ಉತ್ತರವಿರಲಿಲ್ಲ. ಇರುವುದಾದರೂ ಹೇಗೆ? ನಮ್ಮ ಆದಿತ್ಯವಾರ ಅಂದರೆ ಏನು ಅಂತ ನಿಮಗೆ ಗೊತ್ತು. ತಡವಾಗಿ ಏಳುವವರಿಗೆ ಎರಡು ಸರ್ತಿ ಚಹಾ, ನೀರುದೋಸೆ, ಆರಾಧನೆಯಿಂದ ಬಂದವರಿಗೆ ಕೋಳಿ, ಜೊತೆಯಲ್ಲಿ ಬಂದವರಿಗೂ ಕೋಳಿ, ಸಂಜೆ ನೆಂಟರಿಗೆ ತಿಂಡಿ. ಎಲ್ಲರ ಆದಿತ್ಯವಾರವೂ ಅಮ್ಮನಿಗೆ ಎರಡು ಸೋಮವಾರ. ದೇವಾಲಯದಲ್ಲಿ ಕಣ್ಣು ಮುಚ್ಚಿ ಪ್ರಾರ್ಥಿಸುವಾಗಲೂ ಕುಕ್ಕರಿನ ಸೀಟಿ ಕೇಳಿಸುತ್ತದೆ ಅಂತ ಅವರೇ ನಗುತ್ತ ಹೇಳುತ್ತಿದ್ದರು.

ಮುಂದಿನ ಶನಿವಾರ ಮನೆಯ ಪ್ರಾರ್ಥನೆಯಲ್ಲಿ ಅಪ್ಪ ಹತ್ತು ಆಜ್ಞೆಗಳ ಭಾಗ ತೆಗೆದರು. ಸಬ್ಬತ್ತಿನ ಆಜ್ಞೆ ಬೈಬಲಿನಲ್ಲಿ ಎರಡು ಕಡೆ ಬರುತ್ತದೆ. ಯಾರು ಯಾರು ಕೆಲಸ ಮಾಡಬಾರದು ಎಂದು ಒಂದು ಪಟ್ಟಿಯೇ ಇದೆ: ನೀನು, ನಿನ್ನ ಮಗ, ಮಗಳು, ಗಂಡಾಳು, ಹೆಣ್ಣಾಳು, ದನಕರು, ನಿನ್ನ ಊರಲ್ಲಿರುವ ಪರದೇಶಿ. ಎರಡೂ ಕಡೆ ಪಟ್ಟಿ ಹೆಚ್ಚುಕಡಿಮೆ ಒಂದೇ. ಕೊಟ್ಟ ಕಾರಣ ಮಾತ್ರ ಬೇರೆ. ವಿಮೋಚನಕಾಂಡದಲ್ಲಿ, ದೇವರು ಆರು ದಿನ ಸೃಷ್ಟಿಮಾಡಿ ಏಳನೆಯ ದಿನ ನಿಲ್ಲಿಸಿದ, ಅದಕ್ಕೆ ನೀನೂ ನಿಲ್ಲಿಸು ಎಂದಿದೆ. ಧರ್ಮೋಪದೇಶಕಾಂಡದಲ್ಲಿ ಸೃಷ್ಟಿಯ ಮಾತೇ ಇಲ್ಲ. ನೀನು ಐಗುಪ್ತದಲ್ಲಿ ಜೀತದಾಳಾಗಿದ್ದೆ, ನೆನಪಿದೆಯಲ್ಲ, ಆದ್ದರಿಂದ ನಿನ್ನ ಆಳುಗಳಿಗೂ ನಿನ್ನಂತೆಯೇ ಬಿಡುವಿರಲಿ ಎಂಬ ಅರ್ಥದ ಮಾತು ಅಲ್ಲಿದೆ. ಒಂದು ಕಾರಣ ಆಕಾಶದ್ದು, ಇನ್ನೊಂದು ಬೆನ್ನಮೇಲಿನ ಬಾಸುಂಡೆಯದು. ಜೀತಗಾರನಿಗೆ ಇಲ್ಲದ್ದು ಒಂದೇ: ‘ಇವತ್ತು ಇಲ್ಲ’ ಅನ್ನುವ ಹಕ್ಕು. ಬಿಡುಗಡೆಯಾದವನು ಆ ಹಕ್ಕನ್ನು ವಾರಕ್ಕೊಮ್ಮೆ ಬಳಸಿ ನೋಡಬೇಕು. ತನಗೆ ಮಾತ್ರ ಇಟ್ಟುಕೊಳ್ಳದೆ ತನ್ನ ಕೈಕೆಳಗಿನವರಿಗೂ ಕೊಡಬೇಕು. ಇಲ್ಲವಾದರೆ ಅವನೇ ಫರೋಹ.

ಅಪ್ಪ ಓದಿ ಮುಗಿಸಿದರು. ಅಮ್ಮ ಕೇಳಿದರು: “ಎಲ್ಲರೂ ಬಂದರು. ಎತ್ತು ಕತ್ತೆಯೂ ಬಂತು. ಈ ಪಟ್ಟಿಯಲ್ಲಿ ಹೆಂಡತಿ ಎಲ್ಲಿ?”

ನಿಜ ನೋಡಿ, ಪಟ್ಟಿಯಲ್ಲಿ ಹೆಂಡತಿ ಇಲ್ಲ. ಬೈಬಲ್ ಪಂಡಿತರು ಇದನ್ನು ಗಮನಿಸದೆ ಇಲ್ಲ. ‘ನೀನು’ ಎಂದು ಕರೆದದ್ದು ಗಂಡಹೆಂಡಿರಿಬ್ಬರನ್ನೂ, ಆದ್ದರಿಂದ ಬೇರೆ ಹೇಳಬೇಕಾಗಿಲ್ಲ ಎಂದು ಕೆಲವರು ಸಮಾಧಾನ ಹೇಳುತ್ತಾರೆ. ನಾನು ಆ ಸಮಾಧಾನವನ್ನು ಅಮ್ಮನಿಗೆ ತಿಳಿಸಿದೆ. “ಸೇರಿದ್ದರೆ ಒಳ್ಳೆಯದೇ. ಅದು ಅಡುಗೆಮನೆಯಲ್ಲಿ ಕಾಣಲಿ” ಅಂದರು.

ಹೀಗೆ ನಮ್ಮ ಮನೆಯ ನಿಯಮ ಹುಟ್ಟಿತು: ಶನಿವಾರ ರಾತ್ರಿಯ ಊಟ ಮುಗಿದಲ್ಲಿಂದ ಆದಿತ್ಯವಾರ ರಾತ್ರಿಯವರೆಗೆ ಒಲೆ ಹಚ್ಚಬಾರದು. ಬೇಯಿಸುವುದೆಲ್ಲ ಶನಿವಾರ, ಅದೂ ಅಪ್ಪ ಮತ್ತು ನಾನು. ಅಪ್ಪ ಮೊದಲು ತಕರಾರು ತೆಗೆದರು. ಆಜ್ಞೆಯ ಮೊದಲ ಅರ್ಧದಲ್ಲಿ ಆರು ದಿನ ದುಡಿ ಅಂತ ಇದೆಯಲ್ಲ, ಈಗ ಹೆಂಗಸರು ಏಳೂ ದಿನ ರಜೆ ಕೇಳಿದರೆ ಹೇಗೆ ಅಂತ ತಮಾಷೆ. “ನೀವು ಈಗ ದುಡಿಯುವ ಆರು ದಿನ ಯಾವುದು, ಸ್ವಲ್ಪ ಹೇಳಿ” ಎಂದು ಅಮ್ಮ ಕೇಳಿದ ಮೇಲೆ ಅಪ್ಪ ಈರುಳ್ಳಿ ಹೆಚ್ಚಲು ಕೂತರು.

ಒಲೆ ಹಚ್ಚದೆ ದಿನ ಕಳೆಯುವುದು ವಿಚಿತ್ರ ಎಂದುಕೊಳ್ಳಬೇಡಿ. ನಮ್ಮ ಎದುರು ಮನೆಯ ಗುಜರಾತಿ ಬೆನ್ ಅವರಿಗೆ ನಾವು ಹೇಳಿದಾಗ ಅವರು ಆಶ್ಚರ್ಯಪಡಲೇ ಇಲ್ಲ. ಅವರಲ್ಲಿ ಶ್ರಾವಣದಲ್ಲಿ ಶೀತಳಾ ಸಾತಮ್ ಅಂತ ಒಂದು ದಿನ ಬರುತ್ತದೆ. ಹಿಂದಿನ ದಿನ ರಾಂಧಣ್ ಛಠ್. ಅಂದೇ ಎಲ್ಲ ಬೇಯಿಸಿ, ಒಲೆಯನ್ನು ತೊಳೆದು ಪೂಜಿಸಿ ತಣ್ಣಗೆ ಬಿಡುತ್ತಾರೆ. ಸಾತಮ್‌ದಿನ ತಂಗಳೇ ಊಟ. “ನಿಮ್ಮದು ವಾರಾವಾರ ಸಾತಮ್” ಎಂದು ಅವರು ನಕ್ಕು, ಮರುದಿನಕ್ಕೆ ಕೆಡದ ಥೇಪ್ಲಾ ಮಾಡುವುದನ್ನು ಅಪ್ಪನಿಗೆ ಕಲಿಸಿದರು. ನಮ್ಮ ಕರಾವಳಿಯವರಿಗಂತೂ ಇದು ಸುಲಭ. ಮೀನುಸಾರು ಮರುದಿನವೇ ರುಚಿ ಎಂಬುದು ಕುಡ್ಲದಿಂದ ಕುಂದಾಪುರದವರೆಗೆ ಎಲ್ಲರೂ ಒಪ್ಪಿದ ಮಾತು. ಕೋರಿರೊಟ್ಟಿಗೆ ರೊಟ್ಟಿ ಅಂಗಡಿಯ ಪೊಟ್ಟಣದಿಂದ ಬರುತ್ತದೆ. ಹಿಂದಿನ ದಿನದ ಸಾರು ಹೊಯ್ದುಕೊಂಡರೆ ಆಯಿತು. ಅವಲಕ್ಕಿ ಮೊಸರು ಇದ್ದೇ ಇದೆ. ಸಾರು ಬಿಸಿ ಮಾಡುವುದು ಅಡುಗೆಯೇ ಅಲ್ಲವೇ ಎಂಬ ಪ್ರಶ್ನೆ ಎದ್ದು ಮೂರು ವಾರ ಚರ್ಚೆ ನಡೆಯಿತು. ಯೆಹೂದಿ ಶಾಸ್ತ್ರಕಾರರು ಮಿಷ್ನಾದಲ್ಲಿ ಸಬ್ಬತ್ತಿಗೆ ನಿಷಿದ್ಧವಾದ ಕೆಲಸಗಳನ್ನು 39 ಬಗೆಯಾಗಿ ಎಣಿಸಿದ್ದಾರೆ. ಅದರ ಮೇಲಿನ ವಾದ ಇಂದಿಗೂ ಮುಗಿದಿಲ್ಲ. ನಾವು ಮೂರೇ ವಾರದಲ್ಲಿ ಮುಗಿಸಿದೆವು. ಬಿಸಿ ಬೇಕೆಂದವರು ತಾವೇ ಎದ್ದು ಹೋಗತಕ್ಕದ್ದು. ಆಶ್ಚರ್ಯವೆಂದರೆ, ಆಮೇಲೆ ಯಾರಿಗೂ ಬಿಸಿ ಬೇಕಾಗಲಿಲ್ಲ.

ಕಷ್ಟವಾದದ್ದು ಅಮ್ಮನಿಗೇ. ಮೊದಲ ಆದಿತ್ಯವಾರ ಆರಾಧನೆಯಿಂದ ಬಂದವರು ಕುರ್ಚಿಯಲ್ಲಿ ಕೂತರು, ಎದ್ದರು, ಕಪಾಟು ತೆರೆದರು, ಮುಚ್ಚಿದರು. ಎರಡನೆಯ ವಾರ ಟಿ.ವಿ. ಮುಂದೆ ಕೂತು ಬೆಳ್ಳುಳ್ಳಿ ಸುಲಿಯತೊಡಗಿದರು. ಇದು ಕೆಲಸವಲ್ಲ, ಕೈಗೆ ಸುಮ್ಮನೆ ಅಂದರು. ಮೂವತ್ತು ವರ್ಷ ಓಡಿದ ಯಂತ್ರದ ಗುಂಡಿ ಒತ್ತಿದ ಕೂಡಲೆ ಚಕ್ರ ನಿಲ್ಲುವುದಿಲ್ಲ, ನೋಡಿ. ನಾಲ್ಕನೆಯ ವಾರವೋ ಐದನೆಯದೋ ಮಧ್ಯಾಹ್ನ ಚಾಪೆ ಹಾಸಿ ಮಲಗಿದವರು ಮೂರು ಗಂಟೆ ನಿದ್ದೆ ಮಾಡಿದರು. ಎದ್ದವರೇ ಗಾಬರಿಯಿಂದ ಗಡಿಯಾರ ನೋಡಿದರು. ಆಮೇಲೆ ಯಾರೂ ಕಾಯುತ್ತಿಲ್ಲ ಎಂದು ನೆನಪಾಗಿ ಮತ್ತೆ ಒರಗಿಕೊಂಡರು. ಈಗ ಮಧ್ಯಾಹ್ನ ಉಡುಪಿಯ ಚಿಕ್ಕಮ್ಮನ ಜೊತೆ ಫೋನಿನಲ್ಲಿ ತುಳುವಿನಲ್ಲಿ ಗಂಟೆಗಟ್ಟಲೆ ಮಾತು. ಸಂಜೆ ಡೈಮಂಡ್ ಗಾರ್ಡನಿನಲ್ಲಿ ಒಂದು ಸುತ್ತು. ಹುಡುಗಿಯಾಗಿದ್ದಾಗ ಹಾಡುತ್ತಿದ್ದ ಕೀರ್ತನೆಗಳಿಗೆ ಎರಡನೆಯ ಸ್ವರ ಹಾಕುವುದು ಅವರಿಗೆ ಬರುತ್ತದೆ ಎಂಬುದು ಈ ಎರಡು ವರ್ಷದಲ್ಲಿ ಮನೆಗೆ ಗೊತ್ತಾದ ಹೊಸ ಸಂಗತಿ.

ಪ್ರಯೋಗ ಶುರುವಾದ ಮೇಲೆ, ಇಂಥ ದಿನ ಇಟ್ಟುಕೊಂಡವರು ಇನ್ಯಾರು ಎಂದು ಹುಡುಕುವ ಚಟ ನನಗೆ ಹತ್ತಿತು. ಹುಡುಕಿದರೆ ಎಲ್ಲೆಲ್ಲೂ ಇದ್ದಾರೆ. ನಮ್ಮ ತರಗತಿಯ ಬಿಜಾಪುರದ ಗೆಳತಿ ಹೇಳಿದಳು, “ಸೋಮವಾರ ನಮ್ಮೂರಾಗ ಎತ್ತು ಹೂಡಂಗಿಲ್ಲ. ಬಸವಣ್ಣನ ವಾರ.” ಕರ್ನಾಟಕದ ಎಷ್ಟೋ ಹಳ್ಳಿಗಳಲ್ಲಿ ಈ ನಡೆ ಇದೆ. ಬಿತ್ತುವ ಹದ ಇದ್ದರೂ ನೊಗ ಎತ್ತುವುದಿಲ್ಲ. ಆ ಒಕ್ಕಲಿಗ ಮೋಶೆಯ ಹೆಸರೂ ಕೇಳಿದವನಲ್ಲ. ಆದರೆ ಪಟ್ಟಿಯಲ್ಲಿ ಎತ್ತನ್ನು ಸೇರಿಸಿದ್ದಾನೆ. ಇನ್ನು ಕೊಂಕಣದ ಬೆನೆ ಇಸ್ರಾಯೇಲರು. ಅಲಿಬಾಗದ ಸುತ್ತಿನ ಹಳ್ಳಿಗಳಲ್ಲಿ ನೂರಾರು ವರ್ಷ ಗಾಣದ ಎಣ್ಣೆ ತೆಗೆದು ಬದುಕಿದ ಈ ಯೆಹೂದಿಗಳು ಮರಾಠಿಯನ್ನೇ ಆಡುತ್ತ, ಮರಾಠಿ ಉಡುಪನ್ನೇ ಉಡುತ್ತ ಬಂದರು. ಆದರೆ ಶನಿವಾರ ಮಾತ್ರ ಗಾಣ ತಿರುಗಿಸುತ್ತಿರಲಿಲ್ಲ. ಅದರಿಂದಲೇ ಊರವರು ಅವರಿಗೆ ‘ಶನಿವಾರ ತೇಲಿ’ ಎಂದು ಹೆಸರಿಟ್ಟರು. ಏನು ಮಾಡುತ್ತಾರೆ ಎಂಬುದರಿಂದ ಜಾತಿಗೆ ಹೆಸರು ಬೀಳುವ ದೇಶದಲ್ಲಿ, ಏನನ್ನು ಯಾವಾಗ ಮಾಡುವುದಿಲ್ಲ ಎಂಬುದರಿಂದ ಹೆಸರು ಪಡೆದವರು ಅವರು. ಮುಂಬಯಿಗೆ ಬಂದು 1796ರಲ್ಲಿ ಅವರು ಕಟ್ಟಿದ ಮೊದಲ ಪ್ರಾರ್ಥನಾಮಂದಿರ ಇಂದಿಗೂ ಇದೆ. ಕಟ್ಟಿಸಿದ ಸೈನಿಕ ಟಿಪ್ಪುವಿನ ಸೆರೆಯಿಂದ ಬಿಡುಗಡೆಯಾಗಿ ಬಂದವನು ಎಂದು ಕಥೆ. ಚೆಂಬೂರಿನಿಂದ ಹಾರ್ಬರ್ ಗಾಡಿ ಹತ್ತಿದರೆ ಕೊನೆಯ ನಿಲ್ದಾಣಕ್ಕಿಂತ ಒಂದು ಮೊದಲು ಬರುವ ‘ಮಸ್ಜಿದ್’ಗೆ ಆ ಹೆಸರು ಬಂದದ್ದು ಈ ಮಂದಿರದಿಂದಲೇ ಎನ್ನುವವರೂ ಇದ್ದಾರೆ. ಆರಾಧನೆಗೆ ಪಟ್ಟಣದೊಳಗೆ ಹೋಗುವಾಗ ಆ ನಿಲ್ದಾಣದಲ್ಲಿ ಗಾಡಿ ನಿಂತರೆ ನನಗೆ ನಿಂತ ಗಾಣದ ನೆನಪು.

ನಿಲ್ಲಿಸಿದರೆ ನಷ್ಟವಾಗುವುದಿಲ್ಲವೇ ಎಂದು ನೀವು ಕೇಳಬಹುದು. ಆಗುತ್ತದೆ. ಆದಿತ್ಯವಾರ ನಾನು ನಾಲ್ಕು ಮಕ್ಕಳಿಗೆ ಪಾಠ ಹೇಳುತ್ತಿದ್ದೆ. ಇಬ್ಬರನ್ನು ಶನಿವಾರಕ್ಕೆ ಸರಿಸಲಾಯಿತು, ಇಬ್ಬರು ಹೋದರು. ತಿಂಗಳಿಗೆ ಎರಡು ಸಾವಿರ ಕಡಿಮೆ. ನನ್ನ ಗಾಡಿ ಖರ್ಚು, ಪುಸ್ತಕದ ಖರ್ಚು ಅದರಲ್ಲೇ ನಡೆಯಬೇಕು. ಆಗ ನನಗೆ ನೆನಪಾದವಳು ಆಯ್ದಕ್ಕಿ ಲಕ್ಕಮ್ಮ. ನಮ್ಮ ಹನ್ನೆರಡನೆಯ ಶತಮಾನದ ಶರಣೆ. ಅವಳ ಗಂಡ ಮಾರಯ್ಯ ಚೆಲ್ಲಿದ ಅಕ್ಕಿ ಆಯ್ದು ತರುವ ಕಾಯಕದವನು. ಒಂದು ದಿನ ಎಂದಿಗಿಂತ ಹೆಚ್ಚು ತಂದ; ಇಷ್ಟೇಕೆ ಎಂದು ಕೇಳಿ, ಮರಳಿ ಅಲ್ಲೇ ಹಾಕಿ ಬಾ ಎಂದು ಕಳಿಸಿದಳು. ಬೈಬಲಿನಲ್ಲೂ ಅಂಥದೇ ಒಂದು ಕಥೆ. ಮರಳುಗಾಡಿನಲ್ಲಿ ಮನ್ನ ಬೀಳುತ್ತದೆ. ಆ ದಿನಕ್ಕೆ ಬೇಕಾದಷ್ಟೇ ಆಯ್ದುಕೊಳ್ಳಬೇಕು, ನಾಳೆಗೆಂದು ಇಟ್ಟರೆ ಹುಳ ಬೀಳುತ್ತದೆ. ಆರನೆಯ ದಿನ ಮಾತ್ರ ಎರಡರಷ್ಟು. ಅದು ಕೆಡುವುದಿಲ್ಲ, ಯಾಕೆಂದರೆ ಮರುದಿನ ಆಯುವಂತಿಲ್ಲ. ಅಕ್ಕಿ ಆಯುವವರೂ ಮನ್ನ ಆಯುವವರೂ ಕಲಿತ ಪಾಠ ಒಂದೇ: ಸಾಕು ಅನ್ನುವುದು. ಲಕ್ಕಮ್ಮ ಕಾಯಕವನ್ನು ಬಿಡು ಅನ್ನಲಿಲ್ಲ. ಕಾಯಕಕ್ಕೆ ಒಂದು ಅಂಚು ಇರಲಿ ಅಂದಳು. ಸಬ್ಬತ್ತು ಕಾಲಕ್ಕೆ ಎಳೆದ ಅಂಥ ಅಂಚು.

ಇಷ್ಟರಲ್ಲೇ ಮುಗಿದಿದ್ದರೆ ಇದೊಂದು ಸುಖಾಂತ ಕಥೆ. ಆದರೆ ಪಟ್ಟಿಯಲ್ಲಿ ‘ಹೆಣ್ಣಾಳು’ ಎಂದಿತ್ತಲ್ಲ. ನಮ್ಮಲ್ಲಿ ಪಾತ್ರೆ, ನೆಲಕ್ಕೆ ಬರುವ ಬಾಯಿ ಗೋವಂಡಿಯವರು. ಇನ್ನು ಆದಿತ್ಯವಾರ ಬರಬೇಡಿ ಎಂದು ಅಮ್ಮ ಹೇಳಿದಾಗ ಅವರ ಮುಖ ಸಪ್ಪಗಾಯಿತು. “ವಹಿನಿ, ಪಗಾರ ಕಟ್ ಮಾಡ್ತೀರಾ?” ಇಲ್ಲ, ಪೂರ್ತಿ ಕೊಡ್ತೇವೆ ಅಂದಾಗ ನಂಬಲು ಎರಡು ತಿಂಗಳು ಹಿಡಿಯಿತು. ನಂಬಿದ ಮೇಲೆ ಏನಾಯಿತು? ಆ ಹೊತ್ತಿಗೆ ಅವರು ಇನ್ನೊಂದು ಮನೆ ಹಿಡಿದರು. ಅಲ್ಲಿ ಆದಿತ್ಯವಾರ ಪಾತ್ರೆ ಹೆಚ್ಚು, ದುಡ್ಡೂ ಹೆಚ್ಚು. ಮಗನ ಶಾಲೆಯ ಫೀಸು ಅವರಿಗೆ ಏಳನೆಯ ದಿನ ನಿಲ್ಲುವುದಿಲ್ಲವಲ್ಲ. ನಾವು ಕೊಟ್ಟ ಬಿಡುವು ಅವರ ಕೈಗೆ ಹೋದದ್ದೇ ಕೆಲಸವಾಗಿ ಮಾರ್ಪಟ್ಟಿತು. ಅಮ್ಮ ಇದಕ್ಕೆ ಬೇಸರಪಟ್ಟುಕೊಳ್ಳಲಿಲ್ಲ. “ಅವರ ಸಮಯ ಅವರದು. ಏನು ಮಾಡಬೇಕೆಂದು ಅವರೇ ಹೇಳುವಂತಾಯಿತಲ್ಲ, ಅದೇ ಮೊದಲು” ಅಂದರು. ನನಗೆ ಮಾತ್ರ ಒಂದು ವಿಷಯ ಸ್ಪಷ್ಟವಾಯಿತು. ಒಂದು ಮನೆ ಎಷ್ಟೇ ಭಕ್ತಿಯಿಂದ ಬಾಗಿಲು ಹಾಕಿಕೊಂಡರೂ ಸಬ್ಬತ್ತು ಪೂರ್ತಿಯಾಗುವುದಿಲ್ಲ. ಊರೇ ಒಪ್ಪಬೇಕು. ದುಡ್ಡು ಕಳೆದುಕೊಳ್ಳದೆ ನಿಲ್ಲಿಸುವ ಹಕ್ಕು ಎಲ್ಲರಿಗೂ ಬೇಕು.

ಆ ಹಕ್ಕನ್ನು ಮೊದಲು ಈ ಊರಿನಲ್ಲೇ ಕೇಳಿದವರೊಬ್ಬರಿದ್ದರು. ಆದಿತ್ಯವಾರದ ರಜೆಯನ್ನು ಇಂಗ್ಲಿಷರು ತಮ್ಮ ಇಗರ್ಜಿಯ ಜೊತೆ ತಂದು ನಮಗೂ ಹಂಚಿದರು ಎಂದು ನಾವು ಸುಮ್ಮನೆ ತಿಳಿದಿರುತ್ತೇವೆ. ಕಚೇರಿಗಳ ಮಟ್ಟಿಗೆ ಅದು ಸರಿಯಿರಬಹುದು. ಮುಂಬಯಿಯ ಗಿರಣಿ ಕೆಲಸಗಾರನಿಗೆ ಅದನ್ನು ಯಾರೂ ಹಂಚಲಿಲ್ಲ. ಜ್ಯೋತಿಬಾ ಫುಲೆಯವರ ಸತ್ಯಶೋಧಕ ಬಳಗದ ನಾರಾಯಣ ಮೇಘಾಜಿ ಲೋಖಂಡೆ ಎಂಬವರು ‘ದೀನಬಂಧು’ ಪತ್ರಿಕೆ ನಡೆಸುತ್ತಿದ್ದರು. 1884ರಲ್ಲಿ ಅವರು ಗಿರಣಿ ಕೆಲಸಗಾರರನ್ನು ಕೂಡಿಸಿ ಒಂದು ಮನವಿ ಬರೆಸಿದರು. ಸುಮಾರು 5,500 ಜನ ಸಹಿ, ಹೆಬ್ಬೆಟ್ಟು ಹಾಕಿದರು. ವಾರಕ್ಕೊಂದು ದಿನ ಆದಿತ್ಯವಾರ ರಜೆ, ಮಧ್ಯಾಹ್ನ ಅರ್ಧ ಗಂಟೆ ಬಿಡುವು, ತಿಂಗಳ 15ರೊಳಗೆ ಸಂಬಳ, ಕೈಕಾಲು ಮುರಿದರೆ ಪರಿಹಾರ - ಇಷ್ಟೇ ಬೇಡಿಕೆ. ಆರು ವರ್ಷ ಕಾಯಬೇಕಾಯಿತು. 1890ರ ಏಪ್ರಿಲ್ 24ರಂದು ಹತ್ತು ಸಾವಿರ ಕೆಲಸಗಾರರ ಸಭೆ ಸೇರಿತು. ಅಲ್ಲಿ ಇಬ್ಬರು ಹೆಂಗಸರು ಎದ್ದು ನಿಂತು ಮಾತಾಡಿದರು. ಜೂನ್ 10ರಂದು ಮಾಲಿಕರ ಸಂಘ ಆದಿತ್ಯವಾರದ ರಜೆಗೆ ಒಪ್ಪಿತು. ಮರುವರ್ಷ, 1891ರ ಕಾರ್ಖಾನೆ ಕಾಯಿದೆಯಲ್ಲಿ ವಾರದ ರಜೆ ಸೇರಿತು. ಆದಿತ್ಯವಾರ ಖಂಡೋಬನ ವಾರ, ಅವನ ಪೂಜೆಗೆ ನಮಗೂ ಬಿಡುವು ಬೇಕು ಎಂದು ಲೋಖಂಡೆ ವಾದಿಸಿದರಂತೆ. ಖಂಡೋಬ ಅಂದರೆ ನಮ್ಮ ಮೈಲಾರಲಿಂಗನೇ. ಹೀಗೆ ನೋಡಿದರೆ, ನಮ್ಮ ಅಜ್ಜಿ ಯೇಸುವಿನ ಪುನರುತ್ಥಾನದ ದಿನವೆಂದು ಆಚರಿಸಿದ ಆದಿತ್ಯವಾರವನ್ನು ಗಿರಣಿಯವರಿಗೆ ಗಳಿಸಿಕೊಟ್ಟವನು ಕುದುರೆಯೇರಿದ ಮೈಲಾರ! ನನಗೆ ಇದರಲ್ಲಿ ಏನೂ ವಿರೋಧ ಕಾಣುವುದಿಲ್ಲ. ದಣಿದವರ ಪರವಾಗಿ ಇಬ್ಬರು ದೇವರು ಸಾಕ್ಷಿ ಹೇಳಿದರೆ ಒಳ್ಳೆಯದೇ ಆಯಿತು.

ಹಾಗೆ ಗಳಿಸಿದ್ದರಲ್ಲೂ ಯಾರೋ ಒಬ್ಬರು ಪಟ್ಟಿಯಿಂದ ಹೊರಗೆ ಉಳಿಯುತ್ತಲೇ ಬಂದಿದ್ದಾರೆ. ರೋಮಿನ ಚಕ್ರವರ್ತಿ ಕಾನ್‌ಸ್ಟಂಟೈನ್ 321ರಲ್ಲಿ ಆದಿತ್ಯವಾರ ನ್ಯಾಯಾಲಯಗಳೂ ಕರಕುಶಲದ ಅಂಗಡಿಗಳೂ ಮುಚ್ಚಿರಲಿ ಎಂದು ಆಜ್ಞೆ ಹೊರಡಿಸಿದಾಗ ರೈತನನ್ನು ಅದರಿಂದ ಬಿಟ್ಟಿದ್ದ. ನಮ್ಮಲ್ಲಿ 1891ರಲ್ಲಿ ಕಾರ್ಖಾನೆಯವರಿಗೆ ಬಂದ ವಾರದ ರಜೆ ಅಂಗಡಿ, ಉಪಾಹಾರಗೃಹಗಳವರಿಗೂ ಇರಲಿ ಎಂಬ ಕಾಯಿದೆ ಬಂದದ್ದು 1942ರಲ್ಲಿ. ಉಡುಪಿ ಹೋಟೆಲುಗಳಲ್ಲಿ ಬೆಳೆದ ಮುಂಬಯಿ ಕನ್ನಡಿಗರಿಗೆ ಈ ಐವತ್ತು ವರ್ಷದ ಅಂತರ ಏನೆಂದು ಬಿಡಿಸಿ ಹೇಳಬೇಕೆ? ಕಾಗದದ ಮೇಲೆ ರಜೆ ಬಂದ ಮೇಲೂ ಅದು ಟೇಬಲ್ ಒರೆಸುವ ಹುಡುಗನವರೆಗೆ ತಲುಪುವುದು ಬೇರೆಯೇ ಮಾತು. ನಮ್ಮ ತರಗತಿಯಲ್ಲೇ ಒಬ್ಬ ಗೆಳೆಯ ಹೋಟೆಲಿನ ಗಲ್ಲೆಯಲ್ಲಿ ಕೂರುತ್ತಾನೆ. ಅವನಿಗೆ ಆದಿತ್ಯವಾರವೇ ಅತಿ ಕಷ್ಟದ ದಿನ, ಯಾಕೆಂದರೆ ನಮಗೆಲ್ಲ ರಜೆ. 2017ರಲ್ಲಿ ಮಹಾರಾಷ್ಟ್ರದಲ್ಲಿ ಹೊಸ ಕಾಯಿದೆ ಬಂದು ಅಂಗಡಿಗಳು ವರ್ಷದ 365 ದಿನವೂ ತೆರೆದಿರಬಹುದು, ಕೆಲಸಗಾರನಿಗೆ ಮಾತ್ರ ವಾರಕ್ಕೊಂದು ದಿನ ಬಿಡುವಿರಲಿ ಎಂದಿತು. ಅಪ್ಪನ ಸ್ಥಾವರದ ನ್ಯಾಯ ಹೀಗೆ ಬೀದಿಗೂ ಬಂತು.

ಆದ್ದರಿಂದ ನಮ್ಮ ಮನೆಯ ನಿಯಮಕ್ಕೆ ಇನ್ನೊಂದು ಸಾಲು ಸೇರಿದೆ. ಒಲೆ ಹಚ್ಚದ ದಿನ ಫೋನಿನಲ್ಲಿ ಊಟವನ್ನೂ ತರಿಸುವುದಿಲ್ಲ. ನಮ್ಮ ಒಲೆ ಆರಿಸಿ ಹೋಟೆಲಿನ ಒಲೆ ಉರಿಸಿ, ಬಿಸಿಲಿನಲ್ಲಿ ಬೈಕಿನ ಹುಡುಗನನ್ನು ನಾಲ್ಕನೆಯ ಮಹಡಿಗೆ ಹತ್ತಿಸಿದರೆ ಅದು ನಿಲ್ಲಿಸಿದ ಹಾಗಲ್ಲ; ಕೆಲಸವನ್ನು ಇನ್ನೊಬ್ಬರ ಹೆಗಲಿಗೆ ದಾಟಿಸಿದ ಹಾಗೆ. ಪೂರ್ತಿ ಪಾರಾಗುವುದು ಯಾರಿಂದಲೂ ಆಗದು. ಆರಾಧನೆಗೆ ಹೋಗುವ ಲೋಕಲ್ಲನ್ನು ಯಾರೋ ಓಡಿಸುತ್ತಾರೆ. ಆದಿತ್ಯವಾರದ ಮೆಗಾಬ್ಲಾಕಿನಲ್ಲಿ ಗಾಡಿ ನಿಲ್ಲುತ್ತದೆ. ಹಳಿಗಳಿಗೂ ಸಬ್ಬತ್ತು ಎಂದು ನಾವು ನಗುತ್ತೇವೆ. ಆದರೆ ಅದೇ ಹೊತ್ತಿನಲ್ಲಿ ಆ ಹಳಿಯ ಮೇಲೆ ಕಿತ್ತಳೆ ಅಂಗಿಯವರು ಸುತ್ತಿಗೆ ಹಿಡಿದು ನಿಂತಿರುತ್ತಾರೆ. ಆಸ್ಪತ್ರೆ ಮುಚ್ಚಲಾಗದು, ನೀರು ನಿಲ್ಲಿಸಲಾಗದು. ಸಬ್ಬತ್ತು ಇರುವುದು ಮನುಷ್ಯನ ಸಲುವಾಗಿ ಎಂದು ಯೇಸು ಹೇಳಿದ್ದು ಇಂಥ ಕಡೆ ದಾರಿ ತೋರಿಸುತ್ತದೆ. ನಿಯಮ ಮುರಿಯಲು ಅದು ಪರವಾನಗಿಯಲ್ಲ. ಯಾವ ಮನುಷ್ಯನ ಸಲುವಾಗಿ ಎಂದು ಕೇಳಿಕೊಳ್ಳಲು ಒಂದು ನೆನಪು.

ಪರೀಕ್ಷೆ ಹತ್ತಿರ ಬಂದಿದೆ, ವಾರಕ್ಕೊಂದು ದಿನ ಪುಸ್ತಕ ಮುಚ್ಚಿ ಎಂದು ನಿಮಗೆ ಹೇಳುವ ಧೈರ್ಯ ನನಗಿಲ್ಲ. ನಿಮ್ಮ ದಿನ ಸೋಮವಾರವಿರಲಿ, ಶುಕ್ರವಾರವಿರಲಿ, ಅಮಾವಾಸ್ಯೆಯಿರಲಿ, ಅದು ನಿಮ್ಮ ಮನೆಯ ವಿಷಯ. ನಾನು ಕೇಳುವುದು ಒಂದು ಸಣ್ಣ ಲೆಕ್ಕ. ಮುಂದಿನ ಆದಿತ್ಯವಾರ ಕಾಲು ಚಾಚಿ ಕೂತಾಗ, ಆ ಹೊತ್ತಿನಲ್ಲಿ ನಿಮ್ಮ ಸುತ್ತ ಯಾರ ಕೈ ಇನ್ನೂ ಆಡುತ್ತಿದೆ ಎಂದು ಎಣಿಸಿ ನೋಡಿ. ಎಣಿಕೆ ಅಡುಗೆಮನೆಯಿಂದ ಶುರುವಾಗಲಿ. ಅಲ್ಲಿರುವ ಕೈ ನಿಂತರೆ ಆ ದಿನಕ್ಕೆ ಬೇಕಾದಷ್ಟು ಆಯಿತು. ಉಳಿದ ಊರನ್ನು ನಿಲ್ಲಿಸುವ ಮಾತನ್ನು ಸೋಮವಾರ ಎಲ್ಲರೂ ಕೂತು ಆಡಬಹುದು.